ಚೌಕಟ್ಟಿನಿಂದ ಆಚೆ ಹೋಗಿ ಎಂದ ನರಿ

ಒಂದು ಅಭಯಾರಣ್ಯದಲ್ಲಿದ್ದ ನರಿ ಗುಜ್ಜಪ್ಪನಿಗೆ ಏನನ್ನೇ ನೋಡುವ ಮೊದಲು ಎಡಗಣ್ಣು ಮುಚ್ಚಿ, ಮುಂಗಾಲುಗಳನ್ನು ಎತ್ತಿ ಚೌಕಟ್ಟು ಮಾಡಿಕೊಳ್ಳುವ ಅಭ್ಯಾಸ. ಎರಡೂ ಮುಂಗಾಲು ಎತ್ತಿದರೆ ನರಿ ನಿಲ್ಲುವುದಿಲ್ಲ. ಹಾಗಾಗಿ ಪ್ರತಿ ಸಲವೂ ಮೂತಿ ಮುಂದಾಗಿ ಬೀಳುತ್ತಿದ್ದ. ಎದ್ದು ಮಣ್ಣು ಕೊಡವಿ, "ಬೆಳಕು ಸರಿಯಿಲ್ಲ" ಎನ್ನುತ್ತಿದ್ದ.

ಸಫಾರಿ ಜೀಪಿನಿಂದ ಬಿದ್ದ ಕ್ಯಾಮೆರಾ ಒಂದು ಸಿಕ್ಕಿದಾಗಿನಿಂದ ಹೀಗೆ.

ಆ ಬೇಸಿಗೆಯಲ್ಲಿ ಹಳ್ಳಗಳೆಲ್ಲ ಬತ್ತಿ, ಒಂದು ಕೆರೆಯಲ್ಲಿ ಮಾತ್ರ ಒಳ್ಳೆಯ ನೀರು ಉಳಿದಿತ್ತು. ಎಲ್ಲರೂ ಅಲ್ಲಿಗೇ ಬರುತ್ತಿದ್ದರು. ಗುಜ್ಜಪ್ಪನಿಗೆ ಅದು ಹಿಡಿಸಲಿಲ್ಲ. ನೀರು ತಗ್ಗಿದ ದಡದಲ್ಲಿ ಏಡಿ, ಮೀನು ಬೇಕಾದಷ್ಟಿದ್ದವು. ಎಲ್ಲವೂ ತನಗೊಬ್ಬನಿಗೇ ಬೇಕಿತ್ತು.

ಒಂದು ಬೆಳಗ್ಗೆ ಅವನು ಕ್ಯಾಮೆರಾವನ್ನು ಕುತ್ತಿಗೆಗೆ ಹಾಕಿಕೊಂಡು ಬಂಡೆ ಹತ್ತಿದ.

"ಬಂಧುಗಳೇ! ಈ ಕಾಡಿನಲ್ಲಿ ಯಾರೂ ಕೊಡಲಿ ಎತ್ತುವಂತಿಲ್ಲ, ಕೋವಿ ಹಿಡಿಯುವಂತಿಲ್ಲ. ಇಂಥ ಕಾಡನ್ನು ನಾವು ಸಂಭ್ರಮಿಸಬೇಡವೇ? ಒಂದು ದೊಡ್ಡ ಚಿತ್ರ ತೆಗೀತೀನಿ. ಗೇಟಿನ ಹತ್ತಿರ ಹಾಕೋಣ. ನೋಡಿದವರು ಕೈ ಮುಗಿಯಬೇಕು!"

ಎಲ್ಲರಿಗೂ ಖುಷಿಯೋ ಖುಷಿ. ಹಂದಿ ಮೈಕೆಸರು ತೊಳೆದುಕೊಂಡಿತು. ಅದರ ಮರಿಗಳಿಗೆ ಅಮ್ಮನ ಗುರುತೇ ಸಿಗಲಿಲ್ಲ. ಮುಳ್ಳುಹಂದಿ ಬೈತಲೆ ತೆಗೆದುಕೊಂಡು ಬಂತು. ಆನೆ ಮುಂದಿನ ಸಾಲಿನಲ್ಲೇ ಕೂತಿತು.

"ಇದೇನು ಮದುವೆಮನೆ ಗ್ರೂಪ್ ಫೋಟೋನಾ?" ಗುಜ್ಜಪ್ಪ ರೇಗಿದ. "ಇದು ಪ್ರಕೃತಿಚಿತ್ರ. ಬೆಟ್ಟ, ಕೆರೆ, ಆಕಾಶ, ಅಷ್ಟೇ. ನೀವೆಲ್ಲ ಚೌಕಟ್ಟಿನಿಂದ ಆಚೆ ಹೋಗಿ."

"ನಾವೂ ಕಾಡೇ ಅಲ್ವೇನೋ?" ಎಂದಿತು ಆನೆ.

"ನೀವು ಕಾಡಿಗೆ ಅಡ್ಡ ಕೂತಿದ್ದೀರಿ ಆನೆಯಣ್ಣ. ನಿಮ್ಮ ಹಿಂದೆ ಒಂದು ಬೆಟ್ಟವೇ ಇದೆ, ಕಾಣ್ತಾನೇ ಇಲ್ಲ."

ಆನೆ ನಾಚಿಕೊಂಡು ಪೊದೆಯ ಹಿಂದೆ ಅಡಗಿತು. ಪೊದೆ ಅದರ ಮೊಣಕಾಲಿಗೂ ಬರಲಿಲ್ಲ.

ಕೊಕ್ಕರೆಗೆ ನೀರಿನಲ್ಲಿದ್ದ ನೆರಳನ್ನೂ ತೆಗೆದುಕೊಂಡು ಹೋಗೆಂದ. "ನಾನು ಕಲ್ಲಿನ ಹಾಗೆ ಕೂತಿರ್ತೀನಪ್ಪ" ಎಂದಿತು ಆಮೆ. "ಆ ಕಲ್ಲು ಕಣ್ಣು ಮಿಟುಕಿಸ್ತಿದೆ. ಆಚೆ!" ಬೆಟ್ಟಕ್ಕೂ "ಸ್ವಲ್ಪ ಎಡಕ್ಕೆ" ಎಂದು ನೋಡಿದ. ಬೆಟ್ಟ ಕೇಳಲಿಲ್ಲ.

ಮರದ ಮೇಲಿದ್ದ ಮುಸುವ ಕೋತಿ ಮಾದಕ್ಕ ಮಾತ್ರ ಇಳಿಯಲೊಪ್ಪಲಿಲ್ಲ. "ನಾನಿಲ್ಲಿ ಸುಮ್ನೆ ಕೂತಿಲ್ಲ ಕಣೋ. ಹುಲ್ಲಿನಲ್ಲಿ ಚಿರತೆ ಬಂದ್ರೆ ಕೂಗಿ ಹೇಳೋರ್ಯಾರು?"

"ಮೊದಲು ಆ ಬಾಲ ಎತ್ಕೊಳ್ಳೇ ಮಾದಕ್ಕ! ಆಕಾಶದ ಮಧ್ಯೆ ಹಗ್ಗ ನೇತಾಡಿದ ಹಾಗಿದೆ."

ಮಾದಕ್ಕನಿಗೆ ಅವಮಾನವಾಯಿತು. ದಡದಡನೆ ಇಳಿದು ಎಲ್ಲರ ಹಿಂದೆ ಗುಡ್ಡದಾಚೆ ಹೋದಳು.

ಕೊನೆಗೆ ಉಳಿದದ್ದು ಜಿಂಕೆ ನಿಂಗಮ್ಮ ಮತ್ತು ಅವಳ ಮರಿ. "ಗುಡ್ಡದಾಚೆ ಇರೋದು ಬರೀ ಕೆಸರುಗುಂಡಿ, ಗುಜ್ಜಣ್ಣ. ಮರಿ ಎಳೇದು. ಒಂದು ಗುಟುಕು ಕುಡಿದುಬಿಡಲಿ."

"ಅಲೆ ಏಳುತ್ತಮ್ಮ! ನೀರು ಕನ್ನಡಿ ಹಾಗಿರಬೇಕು. ಚಿತ್ರ ಆಗಲಿ, ಆಮೇಲೆ ಬೇಕಾದಷ್ಟು ಕುಡೀಲಿ."

ಚಿತ್ರ ಆಗಲೇ ಇಲ್ಲ. ನಿಂಗಮ್ಮ ದಿನಾ ಗುಡ್ಡದ ಮೇಲೆ ಬಂದು "ಆಯ್ತಾ?" ಎಂದು ಕೇಳುವಳು. ಒಂದು ದಿನ "ಮೋಡ ಬರಲಿ" ಎನ್ನುವನು, ಮರುದಿನ "ಮೋಡ ಹೋಗಲಿ" ಎನ್ನುವನು. ಮೂತಿಯಲ್ಲಿ ಏಡಿಯ ಕಾಲು ಅಂಟಿರುತ್ತಿತ್ತು. ಗುಡ್ಡದಾಚೆ ಮರಿಯ ಕಾಲುಗಳು ನಡುಗತೊಡಗಿದವು. ಅದು ನಿಂತರೆ ಕೂರುತ್ತಿತ್ತು, ಕೂತರೆ ಏಳುತ್ತಿರಲಿಲ್ಲ.

ಒಂದು ಸಂಜೆ ಕೆರೆಗೆ ಚಿರತೆ ಬಂತು. ಅದು ಎಲ್ಲಿಗೆ ಹೋದರೂ ಮರದ ಮೇಲಿಂದ ಬೈಗುಳ ಬೀಳುವುದು ವಾಡಿಕೆ. ಇವತ್ತು ಯಾರೂ ಬೈಯಲಿಲ್ಲ. ತಾನು ಚಿರತೆ ಹೌದೋ ಅಲ್ಲವೋ ಎಂದು ಅದಕ್ಕೇ ಅನುಮಾನ ಬಂತು. ತಿರುಗಿ ಮೈಮೇಲಿನ ಚುಕ್ಕೆ ನೋಡಿಕೊಂಡಿತು. ಇದ್ದವು. ಧೈರ್ಯವಾಗಿ ಮುಂದೆ ನಡೆಯಿತು.

ಯಾರಾದರೂ ಇಣುಕಿದರೆ ತೋರಿಕೆಗಿರಲೆಂದು ಗುಜ್ಜಪ್ಪ ಕ್ಯಾಮೆರಾಕ್ಕೆ ಕಣ್ಣಿಟ್ಟು ಮಲಗಿದ್ದ.

"ಯಾರ್ರೀ ಅದು ಹುಲ್ಲು ಅಲ್ಲಾಡಿಸೋದು? ಚೌಕಟ್ಟಿನಿಂದ ಆಚೆ!"

ಹುಲ್ಲು ಇನ್ನೂ ಹತ್ತಿರದಲ್ಲಿ ಅಲ್ಲಾಡಿತು.

"ಮಾದಕ್ಕಾ, ಅದೇನು ಅಂತ ನೋಡಿ ಹೇಳೇ!"

ಮರ ಖಾಲಿಯಿತ್ತು. ಕ್ಲಿಕ್ ಎಂದು ಒಂದು ಸದ್ದಾಯಿತು. ಆಮೇಲೆ ಏನೂ ಕೇಳಿಸಲಿಲ್ಲ.

ಮರುದಿನ ನಿಂಗಮ್ಮ ಗುಡ್ಡದ ಮೇಲಿಂದ "ಆಯ್ತಾ?" ಎಂದು ಕೂಗಿದಳು. ಬೇಡ ಎನ್ನುವವರು ಯಾರೂ ಇರಲಿಲ್ಲ. ಎಲ್ಲರೂ ಕೆರೆಗೆ ಇಳಿದರು. ಮಾದಕ್ಕ ಮರ ಹತ್ತಿ ಬಾಲ ಇಳಿಬಿಟ್ಟಳು. ಮರಿ ಹೊಟ್ಟೆ ತುಂಬ ನೀರು ಕುಡಿದು, ನಾಲ್ಕೂ ಕಾಲ ಮೇಲೆ ನೆಟ್ಟಗೆ ನಿಂತಿತು. ಬಂಡೆಯ ಹತ್ತಿರ ಬಿದ್ದಿದ್ದ ಕ್ಯಾಮೆರಾ ಕಂಡು, ಅದರೆದುರು ಕಿವಿ ನಿಮಿರಿಸಿತು.

"ಗುಜ್ಜಪ್ಪ ಮಾಮ, ಈಗ ನಂದೊಂದು ಫೋಟೋ ತೆಗೀರಿ."

ನಿಂಗಮ್ಮ ಮರಿಯನ್ನು ಮೂತಿಯಿಂದ ಮೆಲ್ಲಗೆ ನೂಕಿ ಮತ್ತೆ ನೀರಿನ ಕಡೆಗೆ ತಿರುಗಿಸಿದಳು.

ನೀತಿ: ತನ್ನ ಲಾಭಕ್ಕಾಗಿ ಸುತ್ತಲಿನವರನ್ನೆಲ್ಲ ದೂರ ಕಳಿಸಿದವನಿಗೆ, ಅಪಾಯ ಬಂದಾಗ ಕೂಗಿ ಎಚ್ಚರಿಸುವವರು ಯಾರೂ ಉಳಿದಿರುವುದಿಲ್ಲ.