ಕಪ್ಪೆ ಮಾಡಿದ ಬೆಲ್ಲದ ರಫ್ತು

ಸರಕು ಹೊತ್ತು ಹೊಳೆ ದಾಟಿದಾಗಲೆಲ್ಲ ಬಹುಮಾನ ಕೊಡುವುದಾಗಿ ಮಂತ್ರಿ ನರಿ ರಫ್ತು ನೀತಿ ಸಾರಿತು. ಇರುವೆ ತಾನು ಕೂಡಿಟ್ಟ ಬೆಲ್ಲದುಂಡೆಯನ್ನು ಕಪ್ಪೆಯ ಬೆನ್ನಿಗೇರಿಸಿ, "ಆಚೆ ದಡದಲ್ಲಿ ಮಾರಿ ಬಾ" ಎಂದಿತು. ಕಪ್ಪೆ ಮಾರುವ ಗೋಜಿಗೇ ಹೋಗಲಿಲ್ಲ. ಆಚೆ ದಡ ಮುಟ್ಟಿ ಬಹುಮಾನ ಪಡೆಯಿತು, ಅದೇ ಉಂಡೆ ಹೊತ್ತು ಈಜಿ ಬಂದು ಮತ್ತೆ ಹೊರಟಿತು. ಸಂಜೆಯವರೆಗೂ ಇದೇ ಕಸುಬು. ಬೆಲ್ಲವೆಲ್ಲ ನೀರಲ್ಲಿ ಕರಗಿ, ಇರುವೆಯ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ರಫ್ತು ಹೆಚ್ಚಿಸಿದ್ದಕ್ಕೆ ನರಿ ಕಪ್ಪೆಗೆ ಶಾಲು ಹೊದಿಸುತ್ತಿದ್ದಾಗ ಇರುವೆ ನುಗ್ಗಿ ಬಂತು. "ಸ್ವಾಮಿ, ಆಚೆಯವರು ನನ್ನ ಬೆಲ್ಲ ನೆಕ್ಕಿಯೂ ನೋಡಿಲ್ಲ. ಮಳೆಗಾಲದಲ್ಲಿ ನನ್ನ ಮಕ್ಕಳು ಏನು ತಿನ್ನಬೇಕು?"

"ಕಾಡಿನ ಕೀರ್ತಿ ಬೆಳೆಯುವಾಗ ಹೊಟ್ಟೆಯ ಮಾತೆತ್ತುತ್ತೀಯಾ?" ಎಂದು ಗದರಿದ ನರಿ, ಕಪ್ಪೆಯ ಬೆನ್ನು ಸವರಿತು. "ನೀನು ಚಿಂತಿಸಬೇಡ. ನಾಳೆ ರಫ್ತು ಮಾಡಲು ಬೇಕಾದ ಬೆಲ್ಲವನ್ನು ಆಚೆ ದಡದಿಂದಲೇ ತರಿಸಿಕೊಡುತ್ತೇನೆ."