ಬಣ್ಣಗಾರ ಅಳೆದ ತೂಬು

“ಗುರುಗಳೇ, ಒಳಗೆ ಒಂದಕ್ಕೊಂದು ಹೋಲದ ಎರಡು ಸರ್ಕ್ಯೂಟುಗಳನ್ನು ಸಮ ಎಂದು ಹೇಗೆ ಹೇಳುತ್ತೀರಿ?”

ಕೇಳಿದವಳು ನೀಲಾಂಬಿಕೆ. ಅವಳು ಎಲೆಕ್ಟ್ರಾನಿಕ್ಸ್ ಕಲಿಯಲು ಬಂದು ಹೆಚ್ಚು ಕಾಲವಾಗಿರಲಿಲ್ಲ. ಅಡಿವೆಪ್ಪ ಗುರುಗಳು ಹಲಗೆಯ ಮೇಲೆ ಎರಡು ಚಿತ್ರ ಬರೆದಿದ್ದರು. ಎಡಗಡೆ ಬ್ಯಾಟರಿಗಳೂ ರೆಸಿಸ್ಟರುಗಳೂ ಹೆಣೆದುಕೊಂಡ ಬಲೆ. ಬಲಗಡೆ ಒಂದೇ ಬ್ಯಾಟರಿ, ಒಂದೇ ರೆಸಿಸ್ಟರ್. ಎರಡರಿಂದಲೂ ಎರಡೆರಡು ತಂತಿಗಳು ಹೊರಗೆ ಬಂದಿದ್ದವು. ಆ ತಂತಿಗಳಿಗೆ ಇನ್ನೊಂದು ರೆಸಿಸ್ಟರ್ ಸೇರಿಸಿದರೆ ಅದರಲ್ಲಿ ಎಷ್ಟು ಕರೆಂಟ್ ಹರಿಯುತ್ತದೆ ಎಂಬುದು ಲೆಕ್ಕ. ನೀಲಾಂಬಿಕೆ ಎಡಗಡೆಯ ಬಲೆಯೊಳಗೆ ಹೊಕ್ಕು, ಪ್ರತಿ ಕವಲಿನ ಕರೆಂಟನ್ನೂ ಹುಡುಕುತ್ತ, ಬರೆದು ಅಳಿಸಿ, ದಾರಿ ತಪ್ಪಿದ್ದಳು.

ಗುರುಗಳು ಸೀಮೆಸುಣ್ಣ ಕೆಳಗಿಟ್ಟು ಹೇಳತೊಡಗಿದರು.

ಒಂದು ಕೋಟೆಯ ಊರಿಗೆ ಒಬ್ಬ ಬಣ್ಣಗಾರ ಬಂದ. ಮೊದಲಿದ್ದ ಊರಿನಲ್ಲಿ ಅವನು ನೂಲು ತೊಳೆಯುತ್ತಿರುವಾಗಲೇ ನೀರು ಸಾಲದೆ ಹೋಗಿ, ನೇಕಾರರ ನೂಲೆಲ್ಲ ಕಲೆಬಿದ್ದು ಹಾಳಾಗಿತ್ತು. ಅಲ್ಲಿ ಮತ್ತೆ ಯಾರೂ ಅವನ ಕೈಗೆ ನೂಲು ಕೊಡಲಿಲ್ಲ. ಈ ಊರಿನ ನೇಕಾರರು ಕೊಡಲು ಒಪ್ಪಿದ್ದರು. ಇಲ್ಲಿಯೂ ಹಾಗಾದರೆ ಅವನಿಗೆ ಹೋಗಲು ಬೇರೆ ಊರಿರಲಿಲ್ಲ.

ಅವನ ಮನೆಯ ಮಗ್ಗುಲಲ್ಲಿ ಗುಡ್ಡಕ್ಕೆ ಆತುಕೊಂಡ ಒಂದು ಗೋಡೆ. ಗೋಡೆಯಲ್ಲಿ ಒಂದು ಕಲ್ಲಿನ ತೂಬು. ಅದರಿಂದ ನೀರು ಸದಾ ಬೀಳುತ್ತಿತ್ತು. ಹಿಂದಿನ ಅರಸರು ಗುಡ್ಡದೊಳಗೆ ಮಣ್ಣಿನ ಕೊಳವೆಗಳನ್ನು ಹೂಳಿಸಿದ್ದಾರೆ ಎನ್ನುವುದಷ್ಟೇ ಊರಿನವರಿಗೆ ಗೊತ್ತಿತ್ತು. ಬಣ್ಣಗಾರ ತನ್ನ ತೊಟ್ಟಿಯನ್ನು ಕಟ್ಟೆಯ ಮೇಲೆ ಕೂರಿಸಬೇಕಿತ್ತು. ಎಷ್ಟು ಎತ್ತರದಲ್ಲಿ ಕೂರಿಸಿದರೆ ಎಷ್ಟು ನೀರು ಬರುತ್ತದೆ ಎಂದು ಮೊದಲೇ ತಿಳಿಯಬೇಕಿತ್ತು. ಈ ಸಲ ಬುಡದಿಂದಲೇ ತಿಳಿದುಕೊಳ್ಳುತ್ತೇನೆ ಎಂದು ಅವನು ಸಲಿಕೆ ಹಿಡಿದ.

ಗುಡ್ಡ ಅಗೆದ. ನೀರು ಸೋಸಲೆಂದು ಮರಳು ತುಂಬಿದ ಒಂದು ಕೊಳವೆ ಸಿಕ್ಕಿತು. ಅದು ಮುಂದೆ ಕವಲೊಡೆದಿತ್ತು. ಆ ಕವಲು ಮತ್ತೆ ಕವಲೊಡೆದಿತ್ತು. ಒಂದು ಕವಲು ಹೊರಳಿ ಬಂದು ಇನ್ನೊಂದನ್ನೇ ಕೂಡಿತ್ತು. ಅಗೆದಷ್ಟೂ ತಿಳಿಯದ್ದೇ ಹೆಚ್ಚಾಯಿತು. ಕೊನೆಗೆ ಸಲಿಕೆ ತಗುಲಿ ಕೊಳವೆ ಒಡೆಯಿತು. ನೀರು ಮಣ್ಣಿಗೆ ಇಂಗಿತು. ಕೆಳಗೆ ತೂಬು ಒಣಗಿತು.

ಬೀದಿಯ ಹೆಂಗಸರು ಖಾಲಿ ಕೊಡ ಹಿಡಿದು ಗುಡ್ಡ ಹತ್ತಿ ಬಂದರು. ಅವರಲ್ಲಿ ಹಿರಿಯಳೊಬ್ಬಳು ಕೇಳಿದಳು:

“ನಿನಗೆ ಬೇಕಾದದ್ದು ನೀರೋ, ಗುಡ್ಡವೋ?”

“ನೀರು, ಅವ್ವಾ.”

“ಹಾಗಿದ್ದರೆ ನೀರು ಬೀಳುವಲ್ಲಿ ನಿಂತು ನೋಡು.”

ಬಣ್ಣಗಾರ ನಾಚಿದ. ಒಡೆದ ಕೊಳವೆಗೆ ಗಾರೆ ಮೆತ್ತಿದ. ಅಗೆದ ಮಣ್ಣನ್ನು ಮತ್ತೆ ಮುಚ್ಚಿದ. ತೂಬಿನಲ್ಲಿ ನೀರು ಬಂದ ಮೇಲೆ ಅದರ ಮುಂದೆ ಕುಳಿತ. ಬಹಳ ಹೊತ್ತು ಸುಮ್ಮನೆ ನೋಡಿದ. ಆಮೇಲೆ ಅಂಗೈಯಿಂದ ತೂಬನ್ನು ಒತ್ತಿ ಮುಚ್ಚಿದ. ಒಳಗಿನ ನೀರು ಕೈಯನ್ನು ತಳ್ಳಿತು. ಎಷ್ಟು ತಳ್ಳುತ್ತದೆ ಎಂದು ನೋಡುವ ಆಸೆ ಅವನಿಗೆ ಹುಟ್ಟಿತು.

ಒಂದು ಬಿದಿರಿನ ಕೊಳವೆಯನ್ನು ತೂಬಿಗೆ ಸಿಕ್ಕಿಸಿ, ಬಟ್ಟೆ ಸುತ್ತಿ, ಜೇಡಿಮಣ್ಣು ಮೆತ್ತಿ, ಮೇಲಕ್ಕೆ ನಿಲ್ಲಿಸಿದ. ನೀರು ಬಿದಿರಿನಲ್ಲಿ ಏರಿತು. ಅವನ ತಲೆಯ ಮಟ್ಟಕ್ಕೆ ಬಂದು ನಿಂತಿತು. ಅಲ್ಲಿಂದ ಮೇಲಕ್ಕೆ ಹೋಗಲಿಲ್ಲ. ಆಗ ಏನೂ ಹರಿಯುತ್ತಿರಲಿಲ್ಲ, ಬರೀ ಒತ್ತಡವಿತ್ತು. ಅದನ್ನು ಅವನು ಗುರುತು ಮಾಡಿಕೊಂಡ. ಬಿದಿರನ್ನು ಕಿತ್ತು, ತೂಬನ್ನು ಪೂರ್ತಿ ಬಿಟ್ಟು, ಕೊಡ ಎಷ್ಟು ಬೇಗ ತುಂಬುತ್ತದೆ ಎಂದು ನೋಡಿದ. ಆಗ ತಡೆಯುವುದು ಹೊರಗೆ ಏನೂ ಇರಲಿಲ್ಲ. ಇದ್ದ ತಡೆಯೆಲ್ಲ ಗುಡ್ಡದೊಳಗಿನದು. ಅದನ್ನೂ ಗುರುತು ಮಾಡಿಕೊಂಡ.

ಆ ಎರಡನ್ನು ಇಟ್ಟುಕೊಂಡು ಉಳಿದದ್ದನ್ನು ಊಹಿಸಿದ. ಏರುವ ಎತ್ತರದ ಅರ್ಧಕ್ಕೆ ತೊಟ್ಟಿ ಇಟ್ಟು ಬಿದಿರಿನಿಂದ ನೀರು ಹಾಯಿಸಿದರೆ, ತೂಬು ಪೂರ್ತಿ ಬಿಟ್ಟಾಗಿನ ಅರ್ಧ ನೀರು ಬರಬೇಕು. ಇಟ್ಟು ನೋಡಿದ. ಅಷ್ಟೇ ಬಂತು. ಅವನು ಒಬ್ಬನೇ ನಕ್ಕ.

ಇಲ್ಲಿಗೆ ಗುರುಗಳು ನಿಲ್ಲಿಸಿದರು. ನೀಲಾಂಬಿಕೆ ಆಗಲೇ ಎದ್ದು ಹಲಗೆಯ ಬಳಿಗೆ ಹೋಗಿದ್ದಳು. ಎಡಗಡೆಯ ಎರಡು ತಂತಿಗಳನ್ನು ಏನೂ ಸೇರಿಸದೆ ಬಿಟ್ಟು, ಅವುಗಳ ನಡುವಿನ ವೋಲ್ಟೇಜ್ ಎಷ್ಟೆಂದು ಲೆಕ್ಕ ಹಾಕಿದಳು. ಆಮೇಲೆ ತಂತಿಗಳನ್ನು ನೇರ ಕೂಡಿಸಿ, ಆಗ ಹರಿಯುವ ಕರೆಂಟ್ ಎಷ್ಟೆಂದು ನೋಡಿದಳು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಳು. ಆ ವೋಲ್ಟೇಜೇ ಬಲಗಡೆಯ ಚಿತ್ರದ ಬ್ಯಾಟರಿ, ಭಾಗಿಸಿ ಬಂದದ್ದೇ ಅದರ ರೆಸಿಸ್ಟರ್. ಅವಳ ಮುಖ ಅರಳಿತು.

“ಕತೆ ಇನ್ನೂ ಇದೆ, ತಂಗಿ. ಕುಳಿತುಕೋ,” ಎಂದರು ಗುರುಗಳು.

ಬಣ್ಣಗಾರನ ಕೆಲಸ ನಡೆಯಿತು. ನೂಲು ಕಲೆಯಿಲ್ಲದೆ ನೇಕಾರರ ಮನೆ ಸೇರಿತು. ಇನ್ನೊಂದು ತೊಟ್ಟಿ ಬೇಕಾಯಿತು. ಹಿಂದಿನ ಬೀದಿಯಲ್ಲೂ ಒಂದು ತೂಬಿತ್ತು. ಅಲ್ಲಿಯೂ ಬಿದಿರು ನಿಲ್ಲಿಸಿ ನೋಡಿದ. ನೀರು ಅದೇ ಎತ್ತರಕ್ಕೆ ಏರಿತು. ಬಿಟ್ಟು ನೋಡಿದ. ಕೊಡ ಅಷ್ಟೇ ಬೇಗ ತುಂಬಿತು. ‘ಎರಡೂ ತೂಬು ಸಮ’ ಎಂದು ಬೀದಿಯವರ ಮುಂದೆ ಸಾರಿ, ಮೊದಲಿನ ಎತ್ತರಕ್ಕೇ ಎರಡನೆಯ ತೊಟ್ಟಿ ಕಟ್ಟಿದ. ಅದೂ ಮೊದಲಿನಂತೆಯೇ ತುಂಬಿತು. ಕೆಲಸ ಮುಗಿದ ಮೇಲೆ ನೀರು ಪೋಲಾಗದಿರಲಿ ಎಂದು ಎರಡೂ ತೂಬುಗಳಿಗೆ ಬೆಣೆ ಹೊಡೆದು ಮುಚ್ಚುತ್ತಿದ್ದ. ನೀರು ಬೇಕಾದವರು ಬೆಣೆ ತೆಗೆದು ಕೊಡ ತುಂಬಿಕೊಳ್ಳುತ್ತಿದ್ದರು.

ಮಳೆಗಾಲ ಬರುವ ಮೊದಲೇ ಹಿಂದಿನ ಬೀದಿಯ ಒಬ್ಬ ಕಾಳಿನ ವ್ಯಾಪಾರಿ ಬಂದು ಅವನ ಮುಂದೆ ಒಂದು ಹಿಡಿ ಜೋಳ ಸುರಿದ. ಕಾಳೆಲ್ಲ ಮೊಳಕೆಯೊಡೆದಿದ್ದವು. ವ್ಯಾಪಾರಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಮುಚ್ಚಿದ್ದ. ಆ ಹಗೇವಿನ ಮಗ್ಗುಲಲ್ಲೇ ಎರಡನೆಯ ತೂಬಿನ ಒಂದು ಕವಲು ಹಾದುಹೋಗಿತ್ತು. ಹೊರಗೆ ತೂಬು ಮುಚ್ಚಿದಾಗ ನೀರು ಒಳಗೊಳಗೇ ಆ ಕವಲಿಗೆ ನುಗ್ಗಿ ಹಗೇವಿನೊಳಗೆ ಜಿನುಗಿತ್ತು. ಮೊದಲನೆಯ ತೂಬಿಗೆ ಅಂಥ ಕವಲಿರಲಿಲ್ಲ. ಅದನ್ನು ಮುಚ್ಚಿದರೆ ನೀರು ಇದ್ದಲ್ಲೇ ನಿಲ್ಲುತ್ತಿತ್ತು.

“ಎರಡೂ ಸಮ ಎಂದು ಸಾರಿದವನು ನೀನಲ್ಲವೇ?” ಎಂದ ವ್ಯಾಪಾರಿ.

ಬಣ್ಣಗಾರ ತಟ್ಟನೆ ಎದ್ದ. ಹೋಗಿ ಎರಡನೆಯ ತೂಬಿನ ಬೆಣೆ ಕಿತ್ತ. ವ್ಯಾಪಾರಿಯೊಡನೆ ಹಗೇವಿಗೆ ಇಳಿದು, ಒದ್ದೆಯಾಗದೆ ಉಳಿದ ಜೋಳವನ್ನೆಲ್ಲ ಹೊತ್ತು ತಂದು ತನ್ನ ಅಂಗಳದಲ್ಲಿ ಒಣಹಾಕಿದ. ಅದು ಪೂರ್ತಿ ಒಣಗುವವರೆಗೆ ಆ ಅಂಗಳದಲ್ಲಿ ನೂಲು ಹರವಲಿಲ್ಲ. ಆದರೂ ಎರಡನೆಯ ತೊಟ್ಟಿಯನ್ನು ಒಡೆಯಲಿಲ್ಲ. ಅದು ಹಿಂದಿನಂತೆಯೇ, ಅಳೆದಷ್ಟೇ, ತುಂಬುತ್ತಿತ್ತು.

ಗುರುಗಳು ಕತೆ ಮುಗಿಸಿದರು. ನೀಲಾಂಬಿಕೆ ಹಲಗೆಯ ಮೇಲಿನ ಎರಡು ಚಿತ್ರಗಳನ್ನೂ ಒಂದಾದ ಮೇಲೊಂದರಂತೆ ನೋಡಿದಳು.

“ಗುರುಗಳೇ, ಹಾಗಾದರೆ ಆ ಎರಡು ತೂಬುಗಳು ಸಮವೋ, ಅಲ್ಲವೋ?”

“ಕೇಳುತ್ತಿರುವವಳು ತೊಟ್ಟಿಯೋ, ಹಗೇವೋ?” ಎಂದರು ಗುರುಗಳು.

ನೀಲಾಂಬಿಕೆ ಸೀಮೆಸುಣ್ಣ ಎತ್ತಿಕೊಂಡು ಎರಡು ಚಿತ್ರಗಳ ನಡುವೆ ‘ಸಮ’ ಎಂದು ಬರೆದು, ಅದರ ಕೆಳಗೆ ‘ಹೊರಗಿನ ತಂತಿಗಳಿಗೆ ಮಾತ್ರ’ ಎಂದು ಸೇರಿಸಿದಳು.