ಜಡೆ ಹೆಣೆದ ಬ್ರೆಡ್ಡು

"ಗುರುಗಳೇ, ಭಯವನ್ನು ಬೇರುಸಹಿತ ಕೀಳುವುದು ಹೇಗೆ? ಎದೆ ನಡುಗುವವನ ಕೈಯಲ್ಲಿ ಒಳ್ಳೆಯ ಕೆಲಸ ಆದೀತೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಅಕ್ಕಿ ಆರಿಸುತ್ತಿದ್ದರು. ಮೊರವನ್ನು ಅವನತ್ತ ತಳ್ಳಿ, "ಕೈ ಅಲ್ಲಿರಲಿ, ಕಿವಿ ಇಲ್ಲಿರಲಿ" ಎಂದು ಹೇಳತೊಡಗಿದರು.

ಪಶ್ಚಿಮದ ಒಂದು ದೇಶ ಶತ್ರುಸೇನೆಯ ವಶವಾಗಿತ್ತು. ಸೈನಿಕರು ಯಹೂದಿಗಳನ್ನು ಹುಡುಕಿ ಹಿಡಿದು ರೈಲಿಗೆ ತುಂಬುತ್ತಿದ್ದರು. ಹೋದವರು ಮರಳಲಿಲ್ಲ. ಯಾರಾದರೂ ಅವರನ್ನು ಬಚ್ಚಿಟ್ಟರೆ ಮನೆಮಂದಿಗೆಲ್ಲ ಗುಂಡೇ ಗತಿ ಎಂದು ಊರೂರಲ್ಲಿ ಸಾರಿದ್ದರು.

ಅಲ್ಲಿ ಒಬ್ಬ ಬೇಕರಿಯವನಿದ್ದ. ಶೂರನೇನಲ್ಲ, ನಾಯಿ ಬೊಗಳಿದರೆ ರಸ್ತೆಯ ಆಚೆ ಬದಿಗೆ ಹೋಗುವವನು. ಯಹೂದಿ ದರ್ಜಿಯೊಬ್ಬನನ್ನು ಸೈನಿಕರು ಎಳೆದೊಯ್ದ ದಿನ, ದರ್ಜಿಯ ಹೆಂಡತಿ ಇವನ ಹಿತ್ತಿಲ ಬಾಗಿಲಿಗೆ ಬಂದು ನಿಂತಳು. ಇಲ್ಲ ಎನ್ನಲು ಇವನಿಗೆ ಬಾಯಿ ಬರಲಿಲ್ಲ. ಒಲೆಯ ಹಿಂದಿನ ಗೋಡೆಯ ಸಂದಿಯಲ್ಲಿ ಅವಳನ್ನು ಅಡಗಿಸಿದ. ಅವನ ಮುದಿ ತಾಯಿಗೆ ಅಂದಿನಿಂದ ನಿದ್ದೆ ಇಲ್ಲ. ಬೂಟಿನ ಸದ್ದು ಕೇಳಿದರೆ ಜಪಮಾಲೆ ಕೈಯಿಂದ ಜಾರುತ್ತಿತ್ತು. "ಕಳಿಸೋ ಇವಳನ್ನು. ಇವಳಿದ್ದರೆ ನಾವೆಲ್ಲ ಸಾಯ್ತೀವಿ" ಎಂದು ದಿನವೂ ಗೊಣಗುತ್ತಿದ್ದಳು.

ಯುದ್ಧಕ್ಕೆ ಮೊದಲು ದರ್ಜಿಯ ಹೆಂಡತಿ ಪ್ರತಿ ಶುಕ್ರವಾರ ಹಿಟ್ಟನ್ನು ಜಡೆಯಂತೆ ಹೆಣೆದು ತಂದು, ಇವನ ಒಲೆಯಲ್ಲಿ ಬೇಯಿಸಿಕೊಂಡು ಹೋಗುತ್ತಿದ್ದಳು. ಅದು ಯಹೂದಿಗಳ ಶನಿವಾರದ ವ್ರತದ ಬ್ರೆಡ್ಡು ಎಂದು ಊರಿಗೆಲ್ಲ ಗೊತ್ತಿತ್ತು. ಅಡಗಿದ ಮೇಲೆ ಅವಳು ಏನನ್ನೂ ಕೇಳಲಿಲ್ಲ. ಒಂದು ಶುಕ್ರವಾರ ಬೇಕರಿಯವನಿಗೇ ಕರುಳು ಚುರ್ ಎಂದಿತು. ಬೆಳಿಗ್ಗೆ ಒಂದು ಬ್ರೆಡ್ಡನ್ನು ಹೆಣೆದು ಬೇಯಿಸಿದ. ಬಿಸಿ ಬ್ರೆಡ್ಡನ್ನು ಮುಚ್ಚಿಟ್ಟರೆ ಬೆವರಿ ಕೆಡುತ್ತದೆ. ಮೂವತ್ತು ವರ್ಷ ಪಳಗಿದ ಕೈ ಅದನ್ನೂ ಉಳಿದವುಗಳ ಜೊತೆ ಅಂಗಡಿಯ ಹಲಗೆಯ ಮೇಲೆ ಆರಲು ಇಟ್ಟಿತು.

ಆಗಲೇ ಸೈನಿಕನೊಬ್ಬ ಒಳಗೆ ಬಂದ. ಕೋವಿಯ ತುದಿಯಿಂದ ಹೆಣೆದ ಬ್ರೆಡ್ಡನ್ನು ಮುಟ್ಟಿ, "ಇದು ಯಾರಿಗೆ?" ಎಂದ.

ಗೋಡೆಯ ಹಿಂದಿದ್ದವಳು ಉಸಿರು ಬಿಗಿಹಿಡಿದಳು. ಮೂಲೆಯಲ್ಲಿ ಕೂತ ತಾಯಿ ಬಾಯಿಬಿಟ್ಟರೆ ಎಲ್ಲ ಮುಗಿಯಿತು ಎಂದು ಮಗ ಕಣ್ಣು ಮುಚ್ಚಿದ. ಮುದುಕಿ ಬಾಯಿಬಿಟ್ಟಳು.

"ನನಗಪ್ಪಾ. ಹಲ್ಲು ಒಂದೂ ಇಲ್ಲ. ಹೀಗೆ ಹೆಣೆದಿದ್ದರೆ ಎಳೆ ಎಳೆಯಾಗಿ ಬಿಡಿಸಿ ನುಂಗಬಹುದು."

"ಹಾಗಾದರೆ ತಿನ್ನು, ನೋಡೋಣ."

ಅವಳು ತಿಂದಳು. ಬ್ರೆಡ್ಡು ಇನ್ನೂ ಸುಡುತ್ತಿತ್ತು. ಕೈ ಎಷ್ಟು ನಡುಗಿತೆಂದರೆ ಅರ್ಧ ಮಡಿಲಿಗೇ ಬಿತ್ತು. ವಯಸ್ಸಿನ ನಡುಕವೆಂದುಕೊಂಡ ಸೈನಿಕ ನಕ್ಕ. ಬೇರೆ ಎರಡು ಬ್ರೆಡ್ಡನ್ನು ಕಂಕುಳಿಗೆ ಇರುಕಿಕೊಂಡು ಹೋದ.

ಮುದುಕಿ ಎದ್ದಳು. "ನಾಳೆಯೇ ಇವಳನ್ನು ಕಳಿಸು. ನನ್ನ ಕೈಲಿ ತಡೆಯೋಕಾಗಲ್ಲ" ಎಂದು ಮಗನಿಗೆ ಹೇಳಿದಳು. ಹೇಳುತ್ತಲೇ ಮಡಿಲಲ್ಲಿ ಬಿದ್ದದ್ದನ್ನು ಒಟ್ಟುಮಾಡಿಕೊಂಡು ಗೋಡೆಯ ಹಿಂದಕ್ಕೆ ಒಯ್ದಳು. ಯುದ್ಧ ಮುಗಿಯಲು ಇನ್ನೂ ಎರಡು ವರ್ಷ ಬೇಕಾಯಿತು. ಅಷ್ಟು ದಿನವೂ ಅವಳು ಆ ಮಾತನ್ನು ಹೇಳಿದಳು, ಬ್ರೆಡ್ಡನ್ನೂ ಒಯ್ದಳು.

ಗುರುಗಳು ಮೊರ ನೋಡಿದರು. ಶಿಷ್ಯ ಒಂದು ಕಲ್ಲನ್ನೂ ಆರಿಸಿರಲಿಲ್ಲ.

"ಹಾಗಾದರೆ ಆ ದಿನ ಆ ಮನೆಯಲ್ಲಿ ಭಯವಿಲ್ಲದವರು ಒಬ್ಬರೂ ಇರಲಿಲ್ಲವೇ?" ಎಂದು ಅವನು ಕೇಳಿದ.

"ಒಬ್ಬನಿದ್ದ. ಕೋವಿ ಹಿಡಿದು ಬಂದವನು."